ಜೇಡ, ಜೇಡರ ಬಲೆ ಫೋಟೋಗೆಂದು ದೇಶ ಸುತ್ತಿದವರು ಅನುಭವ ಹೇಳಿ

ಹೊಸಕಣ್ಣು:
ಎಲ್ಲರಿಗೂ ನಮಸ್ಕಾರ. ಜೇಡದ ಫೋಟೋ ತೆಗೆಯುವ ಹುಚ್ಚು ಹಿಡಿದಿದೆ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, ಹತ್ತಿರದಿಂದ ತೆಗೆಯುವ 100 ಮಿಮೀ ಮ್ಯಾಕ್ರೋ ಲೆನ್ಸ್, ಒಂದು ಸಾಧಾರಣ ಫ್ಲಾಶ್ ಇದೆ. ಜೂನ್‌ನಲ್ಲಿ ರಜೆ ಸಿಗುತ್ತದೆ. ಮಡಗಾಸ್ಕರ್‌ಗೆ ಹೋಗಿ ಹೊಳೆ ಮೇಲೆ ಬಲೆ ಕಟ್ಟುವ ಡಾರ್ವಿನ್ ತೊಗಟೆ ಜೇಡ ನೋಡುವುದಾ, ಆಸ್ಟ್ರೇಲಿಯಾಕ್ಕೆ ಹೋಗಿ ನವಿಲು ಜೇಡ ಹುಡುಕುವುದಾ ಅಂತ ತೋಚುತ್ತಿಲ್ಲ. ಇರುವ ದುಡ್ಡಿನಲ್ಲಿ ಒಂದೋ ದೊಡ್ಡ ಲೆನ್ಸ್, ಇಲ್ಲ ಟಿಕೆಟ್. ಎರಡೂ ಆಗುವುದಿಲ್ಲ. ಇನ್ನೊಂದು ವಿಷಯ, ಮಂಡಿ ಆಪರೇಷನ್ ಆಗಿದೆ. ನೆಲದ ಮೇಲೆ ಕೂರುವುದು, ಮಲಗುವುದು ಕಷ್ಟ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಐದುಪಟ್ಟು:
ಲೆನ್ಸ್. ಎರಡನೇ ಮಾತೇ ಇಲ್ಲ. ಟಿಕೆಟ್ ದುಡ್ಡು ವಿಮಾನ ಇಳಿದ ಕೂಡಲೇ ಮುಗಿಯಿತು. ಲೆನ್ಸ್ ವರ್ಷಗಟ್ಟಲೆ ಕೈಯಲ್ಲಿರುತ್ತದೆ.

ನನ್ನ ಹತ್ತಿರ ಇರುವುದು ಕ್ಯಾನನ್ ಎಂಪಿ-ಇ 65. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. 1:1ರಿಂದ, ಅಂದರೆ ಸೆನ್ಸರ್ ಮೇಲೆ ಇದ್ದಷ್ಟೇ ಗಾತ್ರದಿಂದ ಶುರುವಾಗಿ 5:1ರವರೆಗೆ, ಐದು ಪಟ್ಟಿನವರೆಗೆ ಹೋಗುತ್ತದೆ. ಅದಕ್ಕಿಂತ ಕೆಳಗೆ ಬರುವುದೇ ಇಲ್ಲ, ಎದುರಿಗಿರುವ ಮರದ ಫೋಟೋ ಬೇಕೆಂದರೂ ಆಗದು. ಆಟೋಫೋಕಸ್ ಇಲ್ಲ. ಐದು ಪಟ್ಟಿಗೆ ಎಳೆದರೆ ಲೆನ್ಸ್ ತುದಿಗೂ ಜೇಡಕ್ಕೂ ನಡುವೆ ಉಳಿಯುವುದು 4 ಸೆಂಟಿಮೀಟರ್. ಅಪರ್ಚರ್, ಅಂದರೆ ಬೆಳಕು ಬರುವ ಕಂಡಿ ಪೂರ್ತಿ ತೆರೆದು ಎಫ್ 2.8ಕ್ಕೆ ಇಟ್ಟರೆ ಫೋಕಸ್ ಆಗುವ ಆಳ ಸುಮಾರು 0.05 ಮಿಲಿಮೀಟರ್. ಉಸಿರು ಬಿಟ್ಟರೆ ಸಾಕು, ಕಣ್ಣು ತಪ್ಪಿ ಕಾಲಿನ ಕೂದಲು ಫೋಕಸ್ ಆಗಿರುತ್ತದೆ. ಆದರೆ ನವಿಲು ಜೇಡ ಇಡೀ ಮೈ ಸೇರಿ 4–5 ಮಿಲಿಮೀಟರ್. ಗಂಡು ಬೆನ್ನಿನ ಬೀಸಣಿಗೆ ಎತ್ತಿದಾಗ ಅದರ ಮೇಲಿನ ಬಣ್ಣದ ಕೂದಲು ಒಂದೊಂದಾಗಿ ಕಾಣಬೇಕು ಅಂದರೆ ಬರೀ 100 ಮಿಮೀ ಇಟ್ಟುಕೊಂಡು ಏನು ಮಾಡುತ್ತೀರಿ?

ಖರ್ಚು ಲೆನ್ಸ್‌ಗೆ ನಿಲ್ಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜಾಸ್ತಿ ದೊಡ್ಡದು ಮಾಡಿದಷ್ಟೂ ವ್ಯೂಫೈಂಡರ್ ಕತ್ತಲೆ. ಫೋಕಸ್ ಮಾಡಲು ಒಂದು ಪುಟ್ಟ ಟಾರ್ಚ್. ಜೋಡಿ ಫ್ಲಾಶ್ ಬೇಕೇ ಬೇಕು, ಅದಕ್ಕೆ ಹೆಚ್ಚೂಕಡಿಮೆ ಲೆನ್ಸ್‌ನಷ್ಟೇ ಬೆಲೆ. ಫ್ಲಾಶ್ ಬೆಳಕು ಮೆತ್ತಗೆ ಹರಡಲು ಡಿಫ್ಯೂಸರ್ ತರಿಸಿದೆ, ಸೀಳಿಕೊಂಡು ಬಂತು. ಬದಲಿ ಕಳಿಸಲು ಆ ಕಂಪನಿ ಸಾಗಣೆ ಖರ್ಚನ್ನು ನನ್ನಿಂದಲೇ ವಸೂಲು ಮಾಡಿತು. ಫ್ಲಾಶ್ ಹಿಡಿಯುವ ಬ್ರ್ಯಾಕೆಟ್‌ನ ತಿರುಪು ಸಡಿಲ, ಅದಕ್ಕೆ ಇನ್ನೊಂದು ಬ್ರ್ಯಾಕೆಟ್. ಆಮೇಲೆ ಸೆಲ್, ಚಾರ್ಜರ್, ಬ್ಯಾಗು. ಒಂದು ವಿಮಾನ ಕಂಪನಿಯವರು ಗೇಟಿನಲ್ಲಿ ಕೈಚೀಲ ತೂಕ ಹಾಕಿ ಜಾಸ್ತಿ ದುಡ್ಡು ಕೇಳಿದರು. ಕೆಳಗಿನ ಲಗೇಜಿಗೆ ಹಾಕಿ ಅಂದರು. ಬಿಡಿ ಲಿಥಿಯಂ ಬ್ಯಾಟರಿ ಅಲ್ಲಿಗೆ ಹಾಕುವ ಹಾಗಿಲ್ಲ, ಅದು ಅವರದೇ ನಿಯಮ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ ಒಂದೊಂದೇ ಬ್ಯಾಟರಿ ಹೆಕ್ಕಿ ಜೇಬಿಗೆ ತುಂಬಿದೆ. ಎಲ್ಲ ಕೂಡಿಸಿದರೆ ಲೆನ್ಸ್ ಮೇಲೆ ಇನ್ನೊಂದೂವರೆ ಲೆನ್ಸ್ ದುಡ್ಡು.

ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆಯ ಕುರುಚಲು ಬಯಲಿನಲ್ಲಿ ಹೊಟ್ಟೆ ಮೇಲೆ ಮಲಗಿ ತೆಗೆದೆ. ಅಲ್ಲಿ ದೊಡ್ಡ ದವಡೆಯ ಬುಲ್ ಆಂಟ್ ಇರುವೆಗಳಿವೆ. ಕಚ್ಚಿಸಿಕೊಂಡವರಿಗೇ ಗೊತ್ತು. ಗಂಡು ಸುಮ್ನೆ ಕುಣಿಯುವುದಿಲ್ಲ, ಹೆಣ್ಣು ಎದುರಿಗಿರಬೇಕು. ಕಾದು ಕಾದು ಸಾಕಾದ ಮೇಲೆ ಒಂದು ಗಂಡು ಬೀಸಣಿಗೆ ಎತ್ತಿತು. ಮೂರನೇ ಜೋಡಿ ಕಾಲೂ ಮೇಲೆ. ಆ ಫೋಟೋ ಈಗ ಗೋಡೆ ಮೇಲಿದೆ. ಯಾರು ಏನೇ ಹೇಳಲಿ, ಆ ಲೆನ್ಸ್ ಇಲ್ಲದೆ ಅದು ಬರುತ್ತಿರಲಿಲ್ಲ.

ಹೊಳೆದಂಡೆ:
ಲೆನ್ಸ್ ತಗೊಳ್ಳಿ, ಟಿಕೆಟ್ ಬೇಡ ಅಂತೀರಿ. ನೀವು ಆಸ್ಟ್ರೇಲಿಯಾಕ್ಕೆ ನಡೆದುಕೊಂಡು ಹೋದಿರಾ?

ಹೊಸಬರೇ, ಇವರ ಮಾತು ಕೇಳಿ ಮಡಗಾಸ್ಕರ್‌ಗೆ ಹೋದರೆ ಅಳುತ್ತಾ ಬರುತ್ತೀರಿ. ಡಾರ್ವಿನ್ ತೊಗಟೆ ಜೇಡಕ್ಕೆ ಮ್ಯಾಕ್ರೋ ಲೆನ್ಸ್ ಕೆಲಸಕ್ಕೇ ಬರಲ್ಲ. ಹೆಣ್ಣಿನ ಮೈ 2 ಸೆಂಟಿಮೀಟರ್ ಆಸುಪಾಸು. ಕೂತಿರುವುದು ನೀರಿನ ಮೇಲೆ, ಹೊಳೆ ನಡುವೆ. ಈ ದಡದಿಂದ ಆ ದಡಕ್ಕೆ ಎಳೆದ ಆಧಾರದ ಎಳೆ 25 ಮೀಟರ್‌ವರೆಗೂ ಇರುತ್ತದೆ. ನಡುವಿನ ಚಕ್ರ 2.8 ಚದರ ಮೀಟರ್‌ವರೆಗೆ ಅಳತೆ ಸಿಕ್ಕಿದೆ. ದಡದಲ್ಲಿ 100 ಮಿಮೀ ಹಿಡಿದು ನಿಂತರೆ ಸಿಗುವುದು ಒಂದು ಚುಕ್ಕೆ. ನಾನು ಬಳಸಿದ್ದು 100–400 ಜೂಮ್, ಹಕ್ಕಿಯವರು ಬಳಸುತ್ತಾರಲ್ಲ, ಅದೇ. ಜೇಡದ ಫೋಟೋಗೆ ಹಕ್ಕಿ ಲೆನ್ಸ್ ಹೊತ್ತು ಬಂದ ಅಂತ ಗುಂಪಿನಲ್ಲಿದ್ದವರು ನಕ್ಕರು. ಹೊಳೆ ಹತ್ತಿರ ಹೋದ ಮೇಲೆ ಅವರೇ ಸರದಿಯಲ್ಲಿ ನಿಂತು ಕೇಳಿದರು.

ನೀರಿಗಿಳಿದು ಹತ್ತಿರ ಹೋಗಬಹುದಲ್ಲ ಅಂತ ಯಾರಾದರೂ ಹೇಳುತ್ತಾರೆ, ಈಗಲೇ ಉತ್ತರ ಕೊಡುತ್ತೇನೆ. ಹರಿಯುವ ನೀರಿನಲ್ಲಿ ಟ್ರೈಪಾಡ್ ನಡುಗುತ್ತದೆ. ಕಲ್ಲು ಜಾರುತ್ತದೆ. ಬಲೆ ಗಾಳಿಗೆ ಹಿಂದೆಮುಂದೆ ತೂಗುತ್ತಲೇ ಇರುತ್ತದೆ. ನೀವೂ ತೂಗಿದರೆ ಮುಗಿಯಿತು.

ಖರ್ಚು ಹೇಳುತ್ತೇನೆ. ಟಿಕೆಟ್ ಅರ್ಧ ಲೆಕ್ಕ ಮಾತ್ರ. ಅಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಪ್ರವೇಶ ಶುಲ್ಕ ಬೇರೆ, ಗೈಡ್ ಬೇರೆ. ಕಾರು, ಡ್ರೈವರ್, ಡ್ರೈವರ್ ಉಳಿಯುವ ಖರ್ಚು ಬೇರೆ. ರಾನೊಮಫಾನಾ ಉದ್ಯಾನಕ್ಕೆ ರಾಜಧಾನಿಯಿಂದ ರಸ್ತೆಯಲ್ಲಿ 400 ಕಿಲೋಮೀಟರ್ ಹತ್ತಿರ. ಮ್ಯಾಪಿನಲ್ಲಿ ಚಿಕ್ಕದಾಗಿ ಕಾಣುತ್ತದೆ, ಇಡೀ ದಿನ ತಿನ್ನುತ್ತದೆ. ಕೊಡುವುದೆಲ್ಲ ನಗದು. ಅವರ ಅತಿ ದೊಡ್ಡ ನೋಟು 20,000 ಅರಿಯರಿ, ಅದರ ಕಂತೆ ಕಟ್ಟಿಕೊಂಡು ಓಡಾಡಬೇಕು. ನನ್ನ ಪ್ರವಾಸ ಮಾಡಿಸಿದ ಸಂಸ್ಥೆಯವರು 'ಎಲ್ಲವೂ ಸೇರಿದೆ' ಅಂದಿದ್ದರು. ಗೈಡ್ ಶುಲ್ಕ ಸೇರಿರಲಿಲ್ಲ. ಕೇಳಿದರೆ ಒಪ್ಪಂದದ ಕೊನೆ ಪುಟ ತೋರಿಸಿದರು. ಆ ಒಂದು ಸಾಲಿಗೆ ನಾನು ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಫ್ಲಾಶ್ ಬರುತ್ತಿತ್ತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ರಾತ್ರಿ ಸುತ್ತಾಟವೂ ಉದ್ಯಾನದ ಒಳಗಿಲ್ಲ. ಅಂಚಿನ ರಸ್ತೆಯಲ್ಲಿ ಮಾತ್ರ. ಕಾಡೊಳಗೆ ರಾತ್ರಿಯೆಲ್ಲ ಕೂರುತ್ತೇನೆ ಅನ್ನುವ ಕನಸು ಇದ್ದರೆ ಇಲ್ಲೇ ಬಿಟ್ಟು ಹೋಗಿ.

ಬಲೆನೋಟ:
ಜೇಡದ ಫೋಟೋ ಬೇರೆ, ಬಲೆಯ ಫೋಟೋ ಬೇರೆ. ಇಬ್ಬರೂ ಜೇಡದ ಬಗ್ಗೆಯೇ ಬರೆದಿದ್ದೀರಿ.

ನನಗೆ ಬಲೆಯೇ ಮುಖ್ಯ. ಬಲೆಗೆ ದೊಡ್ಡ ಲೆನ್ಸ್ ಬೇಡ, ಬೆಳಕಿನ ಕೋನ ಬೇಕು. ಎಳೆ ಕೆಲವು ಮೈಕ್ರಾನ್ ದಪ್ಪ. ಮುಂದಿನಿಂದ ಫ್ಲಾಶ್ ಹೊಡೆದರೆ ಬಲೆಯೇ ಮಾಯ, ಹಿಂದಿನ ಎಲೆ ಮಾತ್ರ ಬೆಳ್ಳಗೆ. ಬೆಳಕು ಹಿಂದಿನಿಂದ ಓರೆಯಾಗಿ ಬರಬೇಕು, ಬಲೆಯ ಹಿಂದೆ ನೆರಳು ಇರಬೇಕು. ಆಗ ಎಳೆ ತಾನಾಗಿ ಹೊಳೆಯುತ್ತದೆ. ಸೆನ್ಸರ್ ಬಲೆಗೆ ಸಮಾನಾಂತರವಾಗಿದ್ದರೆ ಎಫ್ 8 ಸಾಕು, ಓರೆಯಾಗಿದ್ದರೆ ಎಫ್ 22 ಇಟ್ಟರೂ ಒಂದು ಮೂಲೆ ಮಸುಕು. ನಾನು ಯಾವಾಗಲೂ ಪಕ್ಕದಿಂದ ಹೋಗಿ ಬಲೆ ಒಂದೇ ಗೆರೆಯಾಗಿ ಕಾಣುವವರೆಗೆ ನೋಡುತ್ತೇನೆ. ಆಮೇಲೆ ಟ್ರೈಪಾಡನ್ನು ಆ ಗೆರೆಗೆ ನೇರ ಎದುರು ತಂದು ನಿಲ್ಲಿಸುತ್ತೇನೆ. ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಗಾಳಿ ಏಳುತ್ತದೆ. ಎದ್ದೇ ಏಳುತ್ತದೆ.

ಜಾಗ ಯಾವುದು ಅಂತ ಕೇಳಿದ್ದೀರಿ. ಬೆಳಗಿನ ಜಾವ ಇಬ್ಬನಿ ಬೀಳುವ ಯಾವ ಹುಲ್ಲುಗಾವಲಾದರೂ ಆದೀತು. ಆದರೆ ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು. ಚಕ್ರಬಲೆ ಕಟ್ಟುವ ಎಷ್ಟೋ ಜೇಡಗಳು ರಾತ್ರಿ ಕಟ್ಟಿ ಬೆಳಗಾಗುವಷ್ಟರಲ್ಲಿ ತಿಂದು ಮುಗಿಸಿರುತ್ತವೆ. ತಡವಾಗಿ ಎದ್ದು 'ಬಲೆಯೇ ಇರಲಿಲ್ಲ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು.

ಇರುಳುಟಾರ್ಚ್:
ಇಬ್ಬನಿ ಕಾಯುತ್ತಾ ಕೂತರೆ ಮಳೆಕಾಡಿನಲ್ಲಿ ಏನೂ ಸಿಗುವುದಿಲ್ಲ ಮೇಡಂ. ನಾನು ಫ್ರೆಂಚ್ ಗಯಾನಾದಲ್ಲಿ ಅನೆಲೋಸಿಮಸ್ ಎಕ್ಸಿಮಿಯಸ್ ಬಲೆ ತೆಗೆದವನು. ಒಂದೇ ಬಲೆಯಲ್ಲಿ ಸಾವಿರಾರು ಜೇಡ ಒಟ್ಟಿಗೆ ಬದುಕುತ್ತವೆ. ಪೊದೆಯನ್ನೇ ಮುಚ್ಚಿಬಿಟ್ಟಿರುತ್ತದೆ. ಅದಕ್ಕೆ ಬೇಕಾಗುವುದು ಅಗಲ ಲೆನ್ಸ್. ಲಾವೋವಾ 15 ಮಿಮೀ ಮ್ಯಾಕ್ರೋ ಹಾಕಿದೆ. ಮುಂದೆ ಜೇಡ, ಹಿಂದೆ ಇಡೀ ಬಲೆ, ಅದರ ಹಿಂದೆ ಕಾಡು. ಮಜಾ ಇರುವುದೇ ಅದರಲ್ಲಿ.

ಆದರೆ ಅಲ್ಲಿನ ತೇವ ನನ್ನ ಎರಡು ಲೆನ್ಸ್ ತಿಂದಿತು. ಫಂಗಸ್. ಮೊದಲು ಅಂಚಿನಲ್ಲಿ ಒಂದು ನೂಲಿನಂಥ ಗುರುತು, ಆಮೇಲೆ ನಡುವಿಗೂ ಹಬ್ಬಿತು. ಸರ್ವಿಸ್‌ಗೆ ಕೊಟ್ಟೆ. ಬಿಚ್ಚಿ ತೊಳೆಯಲು ಕೇಳಿದ್ದು ಹೊಸ ಲೆನ್ಸ್‌ನ ಅರ್ಧ ಬೆಲೆ. ತೊಳೆದು ಕೊಟ್ಟ ಮೇಲೆ ಒಳಗೆ ಒಂದು ಗಾಜು ವಾಲಿತ್ತು, ಎಡಭಾಗ ಮಸುಕು. ಮತ್ತೆ ಕಳಿಸಿದರೆ 'ಮೊದಲೇ ಹಾಗಿತ್ತು' ಅಂದರು. ಮೊದಲಿನ ಫೋಟೋಗಳನ್ನು ಕಳಿಸಿದೆ. ಉತ್ತರವೇ ಇಲ್ಲ. ಸಾಗಣೆ ಖರ್ಚು ಎರಡೂ ಕಡೆಯದು ನನ್ನದೇ. ಈಗ ಗಾಳಿಯಾಡದ ಡಬ್ಬಿ, ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಳಗೊಂದು ತೇವ ತೋರಿಸುವ ಮೀಟರ್ ಇಲ್ಲದೆ ಮಳೆಕಾಡಿಗೆ ಕಾಲಿಡುವುದಿಲ್ಲ.

ಬಲೆ ಕಾಣದಿದ್ದರೆ ಜೋಳದ ಹಿಟ್ಟನ್ನು ತೆಳ್ಳಗೆ ಊದಿ. ಬಿಳಿ ಬಿಳಿಯಾಗಿ ಎದ್ದು ಬರುತ್ತದೆ. ಬೆಳಗಿನ ಜಾವದ ತಪಸ್ಸೆಲ್ಲ ಬೇಡ.

ಬಲೆನೋಟ:
ಹಿಟ್ಟು ಊದುವವರು ಫೋಟೋಗ್ರಾಫರ್ ಅಂತ ಹೇಳಿಕೊಳ್ಳಬೇಡಿ.

ಹಿಟ್ಟು ಬಿದ್ದ ಬಲೆಗೆ ಅಂಟು ಹೋಯಿತು. ಆ ರಾತ್ರಿ ಅದಕ್ಕೆ ಊಟ ಇಲ್ಲ. ಜೇಡ ತನ್ನ ಹಳೆ ಬಲೆಯನ್ನೇ ತಿಂದು ಹೊಸದಕ್ಕೆ ನೂಲು ಮಾಡಿಕೊಳ್ಳುತ್ತದೆ. ವಿಜ್ಞಾನಿ ಡೇವಿಡ್ ಪೀಕಾಲ್ 1971ರಲ್ಲೇ ನೂಲಿಗೆ ವಿಕಿರಣದ ಗುರುತು ಹಾಕಿ ತೋರಿಸಿದ್ದರು, ತಿಂದ ನೂಲಿನ ಬಹುಪಾಲು ಮುಂದಿನ ಬಲೆಯಲ್ಲಿ ವಾಪಸ್ ಬರುತ್ತದೆ ಅಂತ. ನೀವು ಅದರ ಬಂಡವಾಳದ ಮೇಲೆ ಹಿಟ್ಟು ಸುರಿದು ಬಂದಿದ್ದೀರಿ.

ಇರುಳುಟಾರ್ಚ್:
ಪಾಠ ಬೇಡ. ಬಲೆ ಅಧ್ಯಯನ ಮಾಡುವ ವಿಜ್ಞಾನಿಗಳೇ ಪುಡಿ ಹಾಕುತ್ತಾರೆ. ವಿಲಿಯಂ ಎಬರ್ಹಾರ್ಡ್ ಅವರ ಪ್ರಬಂಧಗಳ ಚಿತ್ರ ತೆಗೆದು ನೋಡಿ, ಪುಡಿ ಹಾಕಿದ ಬಲೆಗಳು ಎಷ್ಟಿವೆ ಅಂತ. ಅವರೇನು ಜೇಡದ ಶತ್ರುವಾ?

ಬಲೆನೋಟ:
ಅವರು ಎಳೆ ಎಣಿಸಲು ಹಾಕಿದರು. ನೀವು ಲೈಕ್ ಎಣಿಸಲು.

ಇರುಳುಟಾರ್ಚ್:
ಸ್ಪ್ರೇ ಬಾಟಲಿಯಿಂದ ನೀರು ಹೊಡೆದು 'ಮುಂಜಾನೆಯ ಇಬ್ಬನಿ' ಅಂತ ಹಾಕುವವರ ಬಗ್ಗೆಯೂ ಒಂದು ಮಾತು ಹೇಳಿ. ಹಿಂದಿನ ವರ್ಷ ನೀವು ಹಾಕಿದ ಆರ್ಜಿಯೋಪ್ ಜೇಡದ ಬಲೆಯ ಫೋಟೋದಲ್ಲಿ ಹನಿಗಳೆಲ್ಲ ಒಂದೇ ಬದಿಯಲ್ಲಿದ್ದವು. ಇಬ್ಬನಿ ಯಾವಾಗಿನಿಂದ ಬದಿ ನೋಡಿ ಬೀಳಲು ಶುರು ಮಾಡಿತು?

ಬಲೆನೋಟ:
ಗಾಳಿ ಬರುವ ಬದಿ. ಆ ಫೋಟೋದ ಮೂಲ ಫೈಲ್ ಇದೆ, ಬೇಕಾದರೆ ಕಳಿಸುತ್ತೇನೆ. ನನ್ನ ಬ್ಯಾಗಿನಲ್ಲಿ ಸ್ಪ್ರೇ ಬಾಟಲಿ ಇಲ್ಲವೇ ಇಲ್ಲ.

ಎಂಟುಗಣ್ಣು:
ಇಬ್ಬರೂ ಸ್ವಲ್ಪ ತಣ್ಣಗಾಗಿ. ಇಬ್ಬನಿ ಹನಿ ಎಲ್ಲ ಬಲೆಯಲ್ಲೂ ಒಂದೇ ಥರ ಕೂರುವುದಿಲ್ಲ. ಚಕ್ರಬಲೆಯಲ್ಲಿ ಎರಡು ಬಗೆ. ಒಂದು, ಸುರುಳಿ ಎಳೆಗೆ ಅಂಟಿನ ಹನಿ ಇರುವುದು. ಇನ್ನೊಂದು, ಉಲೋಬೊರಸ್ ಕುಲದ ಜೇಡಗಳಂತೆ ಅಂಟಿಲ್ಲದ, ಬಾಚಿದ ಉಣ್ಣೆಯಂಥ ಎಳೆ ಇರುವುದು. ಈ ಎರಡನೆಯದು ತೇವಕ್ಕೆ ಗಂಟು ಗಂಟಾಗಿ ನೀರನ್ನು ಆ ಗಂಟುಗಳ ಕಡೆಗೇ ಸೆಳೆದುಕೊಳ್ಳುತ್ತದೆ. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ದೊಡ್ಡ ದುಂಡು ಹನಿ ಬೇಕಾದವರು ಅಂಥ ಬಲೆ ಹುಡುಕಿ, ಬಾಟಲಿಯ ಜಗಳವೇ ಬರುವುದಿಲ್ಲ.

ಹೊಳೆದಂಡೆಯವರು ಬಿಟ್ಟದ್ದನ್ನು ಸೇರಿಸುತ್ತೇನೆ. ಡಾರ್ವಿನ್ ತೊಗಟೆ ಜೇಡಕ್ಕೆ ಕೇರೋಸ್ಟ್ರಿಸ್ ಡಾರ್ವಿನಿ ಅಂತ ಹೆಸರಿಟ್ಟವರು ಕುಂಟ್ನರ್ ಮತ್ತು ಅಗ್ನಾರ್ಸನ್, 2010ರಲ್ಲಿ. ಮಡಗಾಸ್ಕರ್‌ನಲ್ಲಿ ಅದೇ ಕುಲದ ಬೇರೆ ಜೇಡಗಳೂ ಇವೆ. ತೊಗಟೆ ಬಣ್ಣದ ಉಬ್ಬುಬೆನ್ನಿನ ಜೇಡ ಕಂಡ ಕೂಡಲೇ ಡಾರ್ವಿನಿ ಅಂತ ಬರೆಯಬೇಡಿ. ಗಂಡು ತೀರಾ ಚಿಕ್ಕದು. ಅದನ್ನು ಮರಿ ಅಂತ ಶೀರ್ಷಿಕೆ ಕೊಟ್ಟವರನ್ನು ನೋಡಿದ್ದೇನೆ.

ಜೂನ್ ಅಂದಿರಲ್ಲ. ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ ಆಗ ಚಳಿಗಾಲ. ಬೆಳೆದ ಗಂಡು ನವಿಲು ಜೇಡ ಕಾಣುವುದು ಸಾಮಾನ್ಯವಾಗಿ ಆಗಸ್ಟ್‌ನಿಂದ ಡಿಸೆಂಬರ್ ನಡುವೆ. ಐದುಪಟ್ಟು ಅವರು ಇಷ್ಟುದ್ದ ಬರೆದು ಇದನ್ನು ಹೇಳಲೇ ಇಲ್ಲ.

ಐದುಪಟ್ಟು:
ಅದು ಎಲ್ಲರಿಗೂ ಗೊತ್ತಿರುವ ವಿಷಯ ಅಂತ ಬಿಟ್ಟೆ. ಋತು ನೋಡದೆ ಟಿಕೆಟ್ ತಗೊಳ್ಳುವವರು ಇರುತ್ತಾರಾ?

ಇನ್ನೊಂದು, ನವಿಲು ಜೇಡವನ್ನು ಲೋಕಕ್ಕೆ ತೋರಿಸಿದ ಯೂರ್ಗೆನ್ ಒಟ್ಟೊ ಅವರ ಉದ್ಯೋಗ ನುಸಿಗಳ ಅಧ್ಯಯನ. 2005ರಲ್ಲಿ ಸಿಡ್ನಿ ಹತ್ತಿರದ ಕು-ರಿಂಗ್-ಗಾಯ್ ಚೇಸ್ ಉದ್ಯಾನದಲ್ಲಿ ಮರಾಟಸ್ ವೊಲಾನ್ಸ್ ಅನ್ನುವ ಒಂದು ನವಿಲು ಜೇಡ ಕಣ್ಣಿಗೆ ಬಿತ್ತು. ಅಲ್ಲಿಂದ ವರ್ಷಗಟ್ಟಲೆ ಹಿಂದೆ ಬಿದ್ದರು. ತಾಳ್ಮೆ ಅಂದರೆ ಅದು. ಇಲ್ಲಿ ಎಲ್ಲರಿಗೂ ಒಂದೇ ರಜೆಯಲ್ಲಿ ಎಲ್ಲ ಬೇಕು.

ಹೊಸಕಣ್ಣು:
ಎಲ್ಲರಿಗೂ ಧನ್ಯವಾದ. ಹೊಟ್ಟೆ ಮೇಲೆ ಮಲಗದೆ ತೆಗೆಯುವ ದಾರಿ ಯಾವುದಾದರೂ ಇದೆಯಾ? ಮತ್ತೆ ಹೊಸ ಲೆನ್ಸ್ ಬದಲು ಇರುವ ಲೆನ್ಸ್ ಮುಂದೆ ಸಿಕ್ಕಿಸುವ ರೇನಾಕ್ಸ್ ಥರದ್ದು ಹಾಕಿದರೆ ಸಾಕಾಗುತ್ತದಾ?

ಸ್ಟ್ಯಾಕ್ ಶಾಸ್ತ್ರಿ:
ಇಷ್ಟೆಲ್ಲ ಓಡಾಟ ಯಾಕೆ ಸ್ವಾಮಿ? ಜಗತ್ತಿನಲ್ಲಿ ಹೆಸರಿಟ್ಟ ಜೇಡಗಳ ಸಂಖ್ಯೆ 2022ರಲ್ಲೇ 50,000 ದಾಟಿತು. ಮನೆ ಗೋಡೆ ಮೇಲೆ ಇರುವುದನ್ನೇ ಯಾರೂ ಸರಿಯಾಗಿ ತೆಗೆದಿಲ್ಲ.

ನನ್ನ ಪದ್ಧತಿ ಇದು. ಮೇಜು, ಕ್ಯಾಮೆರಾ ಹಿಂದೆಮುಂದೆ ಸರಿಸುವ ರೇಲು, ಎರಡು ಫ್ಲಾಶ್, ಹೊಗೆಬಣ್ಣದ ಹಿನ್ನೆಲೆ. ಜಿಗಿಯುವ ಜೇಡ ಕೂತಿತು ಅಂದರೆ ಫೋಕಸ್ ಕೂದಲೆಳೆಯಷ್ಟು ಸರಿಸುತ್ತಾ ಸರಣಿ ತೆಗೆದು ಹೆಲಿಕಾನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದೇ ಫೋಟೋ ಆಗಿ ಕೂಡಿಸುತ್ತೇನೆ. ಕೂದಲು ಅಡ್ಡಡ್ಡ ಬಂದಿದ್ದರೆ ಜೆರೀನ್ ಸಾಫ್ಟ್‌ವೇರ್ ವಾಸಿ. ಒಂದೇ ಕ್ಲಿಕ್‌ನಲ್ಲಿ ತೆಗೆಯುತ್ತೇನೆ ಅನ್ನುವವರು ಲೆಕ್ಕ ಕಲಿಯಲಿ. ಲೆನ್ಸ್ ಮೇಲೆ ಎಫ್ 8 ಅಂತಿದ್ದರೂ 3:1ರಲ್ಲಿ ಅದು ನಿಜಕ್ಕೆ ಎಫ್ 32. ವರ್ಧನೆಗೆ ಒಂದು ಕೂಡಿಸಿ ಗುಣಿಸಿ, ಅಷ್ಟೇ. ಆಳ ಬೇಕು ಅಂತ ಕಂಡಿ ಕಿರಿದು ಮಾಡಿ ಎಫ್ 16ಕ್ಕೆ ತಂದರೆ ಎಫ್ 64. ಕಿರಿದಾದ ಕಂಡಿಯಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್‌ಗೆ ಎಲ್ಲ ಮೆತ್ತಗಾಗುತ್ತದೆ. ಆಮೇಲೆ ಲೆನ್ಸ್ ಸರಿ ಇಲ್ಲ ಅಂತ ಬೈಯುವುದು.

ನನ್ನ ಖರ್ಚೂ ಕಡಿಮೆ ಆಗಲಿಲ್ಲ, ಬಿಡಿ. ಮೊದಲು ಕೈಯಲ್ಲಿ ತಿರುಗಿಸುವ ರೇಲು. ಅದರ ಹಲ್ಲು ಒರಟು. ಆಮೇಲೆ ಮೋಟಾರ್ ರೇಲು. ಅದಕ್ಕೆ ನಡುಕ. ನಡುಕಕ್ಕೆ ಭಾರದ ಕಲ್ಲುಹಾಸು. ಕಲ್ಲುಹಾಸಿಗೆ ಗಟ್ಟಿ ಮೇಜು. ಫೈಲ್ ತುಂಬಿ ಡಿಸ್ಕ್, ಡಿಸ್ಕ್ ಕೆಟ್ಟರೆ ಅಂತ ಇನ್ನೊಂದು ಡಿಸ್ಕ್. ಕೂಡಿಸಲು ಕಂಪ್ಯೂಟರ್ ನಿಧಾನ, ಅದೂ ಬದಲಾಯಿತು. ಹೊಳೆದಂಡೆಯವರ ಟಿಕೆಟ್ ದುಡ್ಡು ದಾಟಿರಬೇಕು. ಆದರೆ ನನಗೆ ಬುಲ್ ಆಂಟ್ ಕಚ್ಚಿಲ್ಲ.

ಜೇಡ ಅಲುಗಾಡಿದರೆ ಸ್ವಲ್ಪ ಹೊತ್ತು ತಣ್ಣಗಿನ ಜಾಗದಲ್ಲಿ ಇಟ್ಟರೆ ಆಯಿತು.

ಹೊಳೆದಂಡೆ:
ತಣ್ಣಗಿನ ಜಾಗ ಅಂದರೆ ಫ್ರಿಜ್ಜು. ಬಾಯಿ ಬಿಟ್ಟು ಹೇಳಿ.

ಸ್ಟ್ಯಾಕ್ ಶಾಸ್ತ್ರಿ:
ಹೌದು, ಫ್ರಿಜ್ಜು. ಸ್ವಲ್ಪ ಹೊತ್ತು. ಆಮೇಲೆ ಎದ್ದು ಓಡುತ್ತದೆ.

ಐದುಪಟ್ಟು:
ಎದ್ದು ಓಡದಿದ್ದವು ಎಷ್ಟು? ಮರಗಟ್ಟಿದ ಜೇಡ ಫೋಟೋದಲ್ಲಿ ಗೊತ್ತಾಗುತ್ತದೆ ಶಾಸ್ತ್ರಿಗಳೇ. ಕಾಲು ಒಳಕ್ಕೆ ಮಡಚಿರುತ್ತದೆ. ಜೇಡ ಕಾಲು ಚಾಚುವುದು ಒಳಗಿನ ದ್ರವದ ಒತ್ತಡದಿಂದ. ಒತ್ತಡ ಇಳಿದರೆ ಕಾಲು ಮಡಚಿಕೊಳ್ಳುತ್ತದೆ. ನಿಮ್ಮ ಆಲ್ಬಮ್ ತುಂಬ ಅಂಥವೇ. ಕೆಳಗೆ 'ಕಾಡಿನಲ್ಲಿ ತೆಗೆದದ್ದು' ಅಂತ ಬೇರೆ.

ಸ್ಟ್ಯಾಕ್ ಶಾಸ್ತ್ರಿ:
'ಕಾಡಿನಲ್ಲಿ' ಅಂತ ನಾನು ಎಲ್ಲೂ ಬರೆದಿಲ್ಲ. ತೋರಿಸಿ. ಇಲ್ಲದಿದ್ದರೆ ಮಾತು ವಾಪಸ್ ತಗೊಳ್ಳಿ. ಮತ್ತೆ, ನೀರಿನೊಳಗೆ ಬಲೆಯ ಗಂಟೆ ಕಟ್ಟಿ ಗಾಳಿ ತುಂಬಿಕೊಂಡು ಬದುಕುವ ಆರ್ಜಿರೊನೆಟಾ ಅಕ್ವಾಟಿಕಾ ಇದೆಯಲ್ಲ, ಅದರ ಒಳ್ಳೆಯ ಫೋಟೋ ಎಷ್ಟೋ ಗಾಜಿನ ತೊಟ್ಟಿಯಲ್ಲೇ ತೆಗೆದವು. ಅವರೆಲ್ಲ ಕಳ್ಳರಾ? ತೊಟ್ಟಿ ಅಂತ ಬರೆದರೆ ಮುಗಿಯಿತು. ನಾನೂ ಮೇಜು ಅಂತ ಬರೆಯುತ್ತೇನೆ.

ಎಂಟುಗಣ್ಣು:
ಹೊಸಕಣ್ಣು ಅವರಿಗೆ ಒಂದು ಸಾಲು. 100 ಮಿಮೀ ಮೇಲೆ ರೇನಾಕ್ಸ್ ಡಿಸಿಆರ್-250 ಹಾಕಿದರೆ ಸುಮಾರು 2:1 ಸಿಗುತ್ತದೆ. ಬೇಡವಾದಾಗ ಕ್ಲಿಪ್ ತೆಗೆದರೆ ಆಯಿತು. ಸುತ್ತಾಡುವವರಿಗೆ ಅದು ಸಾಕು.

ಐದುಪಟ್ಟು:
ಸಾಕಾ? ಮೂಲೆಗಳನ್ನು ನೋಡಿದ್ದೀರಾ?

ಎಂಟುಗಣ್ಣು:
ಜೇಡ ಮೂಲೆಯಲ್ಲಿ ಕೂತಿರುವ ಫೋಟೋ ನೀವು ತೆಗೆಯುತ್ತೀರಾ?

ಇರುಳುಟಾರ್ಚ್:
ಮಲಗದೆ ತೆಗೆಯಬೇಕು ಅಂದರೆ ರಾತ್ರಿ ಹೋಗಿ. ಇದು ಯಾರೂ ಹೇಳಿಲ್ಲ. ಹೆಡ್‌ಲ್ಯಾಂಪ್ ಬೆಳಕು ಕಣ್ಣಿನ ಮಟ್ಟದಲ್ಲಿರಲಿ. ತೋಳ ಜೇಡದ ಕಣ್ಣು ದೂರದಿಂದಲೇ ಹಸಿರಾಗಿ ಮಿಂಚುತ್ತದೆ. ಆದರೆ ಅದು ನೆಲದ ಜೇಡ, ಅದಕ್ಕೆ ಬಗ್ಗಬೇಕಾಗುತ್ತದೆ. ಚಕ್ರಬಲೆಯವು ಪೊದೆಯಲ್ಲಿ, ಎದೆ ಮಟ್ಟದಲ್ಲಿ ಸಿಗುತ್ತವೆ. ಫ್ಲಾಶ್ ಶಕ್ತಿ ಕಡಿಮೆ ಇಡಿ. ಕಡಿಮೆ ಇಟ್ಟಷ್ಟೂ ಮಿಂಚು ಚಿಕ್ಕದು, ಬಲೆ ಅಲುಗಿದರೂ ನಿಂತ ಹಾಗೆ ಬರುತ್ತದೆ. ನಾನು ಡೈನೋಪಿಸ್ ತೆಗೆದದ್ದು ಹೀಗೆಯೇ. ಮುಂಗಾಲುಗಳಲ್ಲಿ ಪುಟ್ಟ ಬಲೆ ಹಿಡಿದು ತಲೆಕೆಳಗಾಗಿ ನೇತಾಡುತ್ತದೆ, ಕೆಳಗೆ ಹುಳು ಬಂದರೆ ಬಲೆಯನ್ನೇ ಅದರ ಮೇಲೆ ಎಸೆಯುತ್ತದೆ. ಎಸೆಯುವ ಕ್ಷಣ ನನಗೆ ಸಿಕ್ಕಿಲ್ಲ. ಹಿಡಿದುಕೊಂಡು ಕಾಯುವುದು ಸಿಕ್ಕಿದೆ, ಎರಡು ದೊಡ್ಡ ಕಣ್ಣು ಸೇರಿ. ಇಲ್ಲಿ ಯಾರ ಹತ್ತಿರವಾದರೂ ಇದ್ದರೆ ಹಾಕಿ, ನೋಡೋಣ.

ಬಲೆನೋಟ:
ಆ ದೊಡ್ಡ ಕಣ್ಣಿನ ಒಳಪೊರೆ ರಾತ್ರಿಗೆಂದೇ ಪ್ರತಿದಿನ ಹೊಸದಾಗಿ ಬೆಳೆಯುತ್ತದೆ, ಬೆಳಗಾದರೆ ಕರಗುತ್ತದೆ. ಅಂಥ ಕಣ್ಣಿಗೆ ನೀವು ಸಾಲಾಗಿ ಫ್ಲಾಶ್ ಹೊಡೆದಿರಿ. ಹಿಟ್ಟು ಊದಿದವರಿಂದ ಇನ್ನೇನು ನಿರೀಕ್ಷೆ ಮಾಡುವುದು.

ಇರುಳುಟಾರ್ಚ್:
ಫ್ಲಾಶ್ ಬೇಡ, ಹಿಟ್ಟು ಬೇಡ, ನೀರು ಬೇಡ. ನೀವು ಚಿತ್ರ ಬರೆದುಕೊಳ್ಳಿ ಮೇಡಂ. ಆ ಜೇಡ ಮರುದಿನ ರಾತ್ರಿ ಅದೇ ಕೊಂಬೆಯಲ್ಲಿ ಬಲೆ ಹಿಡಿದು ನೇತಾಡುತ್ತಿತ್ತು.

ಗೋಲ್ಡನ್ ನೂಲು:
ತಡವಾಗಿ ಬಂದೆ. ಯಾಕೆ ಎಲ್ಲರೂ ಕಷ್ಟದ ಜೇಡದ ಹಿಂದೆಯೇ ಬಿದ್ದಿದ್ದೀರಿ? ನಾನು ಫ್ಲೋರಿಡಾದಲ್ಲಿ ನೆಫಿಲಾ ಕ್ಲಾವಿಪೆಸ್ ತೆಗೆದೆ. ಹಾದಿ ಪಕ್ಕದಲ್ಲೇ, ಮುಖದ ಎತ್ತರಕ್ಕೆ. ದೊಡ್ಡ ಜೇಡ, ಬಿಸಿಲಿಗೆ ಚಿನ್ನದ ಬಣ್ಣದ ಬಲೆ. 100 ಮಿಮೀ ಸಾಕು. ಹಿಂದೆ ನೆರಳು ಸಿಕ್ಕಿದರೆ ಎಳೆ ಹಳದಿಯಾಗಿ ಹೊಳೆಯುತ್ತದೆ. ಬೇಸಿಗೆ ಕೊನೆಗೆ ಹೋದರೆ ದೊಡ್ಡ ಹೆಣ್ಣುಗಳೇ ಸಿಗುತ್ತವೆ. ನನಗೆ ಆದ ತೊಂದರೆ ಸೊಳ್ಳೆ ಮತ್ತು ಬಾಡಿಗೆ ಕಾರು. ಕಾರಿನ ಕಂಪನಿಯವರು ಒಂದು ಗೀರಿಗೆ ಹಾಕಿದ ಬಿಲ್ಲು ನೋಡಿದರೆ ಆ ಕಾರನ್ನೇ ನನಗೆ ಮಾರಿದ ಹಾಗಿತ್ತು. ಗೀರು ಮೊದಲೇ ಇತ್ತು. ತಗೊಳ್ಳುವಾಗಲೇ ವಿಡಿಯೋ ಮಾಡಿಕೊಂಡಿದ್ದೆ, ವಿಡಿಯೋ ಕಳಿಸಿದೆ, ಆಮೇಲೆ ಅರ್ಧ ವಾಪಸ್ ಕೊಟ್ಟರು. ಅರ್ಧ ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ.

ಎಂಟುಗಣ್ಣು:
ಅದು ಈಗ ಟ್ರೈಕೋನೆಫಿಲಾ ಕ್ಲಾವಿಪೆಸ್. 2019ರಲ್ಲೇ ಕುಲ ಬದಲಾಗಿದೆ.

ಗೋಲ್ಡನ್ ನೂಲು:
ಜೇಡಕ್ಕೆ ಗೊತ್ತಾ?

ಎಂಟುಗಣ್ಣು:
ಫೋಟೋ ಹುಡುಕುವವರಿಗೆ ಗೊತ್ತಾಗಬೇಕು. ಹಳೆ ಹೆಸರು ಹಾಕಿದರೆ ನಾಳೆ ಯಾರಿಗೂ ಸಿಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಬೇಕು?

ಹೊಳೆದಂಡೆ:
ಸಿಗದಿದ್ದರೇ ಒಳ್ಳೆಯದು. ನಿಮ್ಮಂಥವರು ಪ್ರತಿ ಫೋಟೋಗೂ ಹೆಸರು, ಊರು, ಜಿಪಿಎಸ್ ಸಮೇತ ಹಾಕುತ್ತೀರಿ. ಪೊಯೆಸಿಲೊಥೇರಿಯಾ ಮೆಟಾಲಿಕಾ ಕಥೆ ಗೊತ್ತಲ್ಲ? ನೀಲಿ ಟರಂಟುಲಾ, ಆಂಧ್ರದ ಒಂದು ಚಿಕ್ಕ ಕಾಡಿನ ತುಣುಕಿನಲ್ಲಿ ಉಳಿದಿದೆ. ಸಾಕುವವರ ಮಾರುಕಟ್ಟೆಯಲ್ಲಿ ಅದಕ್ಕೆ ಎಷ್ಟು ಬೇಡಿಕೆ ಅಂತ ನೋಡಿ. 2019ರಲ್ಲಿ ಆ ಕುಲವನ್ನೇ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಬೇಕಾಯಿತು. ಫೋಟೋ ಫೈಲಿನೊಳಗೆ ಜಾಗದ ವಿವರ ಹಾಗೇ ಬಿಟ್ಟು ಹಾಕುವುದು ಅಂದರೆ ಹಿಡಿಯುವವರಿಗೆ ದಾರಿ ತೋರಿಸಿದಂತೆ.

ಎಂಟುಗಣ್ಣು:
ಜಾಗ ಇಲ್ಲದ ದಾಖಲೆ ವಿಜ್ಞಾನಕ್ಕೆ ಪ್ರಯೋಜನವಿಲ್ಲ. ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ತಾನೇ ಮಸುಕು ಮಾಡಿ ತೋರಿಸುತ್ತದೆ. ಅಲ್ಲಿ ಹಾಕಿ. ಇಲ್ಲಿ ಹಾಕುವಾಗ ಬೇಕಾದರೆ ತೆಗೆಯಿರಿ. ಎರಡನ್ನೂ ಕಲಸಬೇಡಿ.

ಹೊಳೆದಂಡೆ:
ನೀವು ಹೋದ ತಿಂಗಳು ಇಲ್ಲಿ ಹಾಕಿದ ಟರಂಟುಲಾ ಫೋಟೋದಲ್ಲಿ ತೆಗೆದಿದ್ದಿರಾ? ನಾನು ಡೌನ್‌ಲೋಡ್ ಮಾಡಿ ನೋಡಿದೆ. ಇತ್ತು.

ಎಂಟುಗಣ್ಣು:
ಅದು ಮೃಗಾಲಯದ ಗಾಜಿನ ಪೆಟ್ಟಿಗೆ. ಮೃಗಾಲಯಕ್ಕೆ ದಾರಿ ತೋರಿಸಿದರೆ ಟಿಕೆಟ್ ಮಾರಾಟವಾಗುತ್ತದೆ, ಇನ್ನೇನು?

ಸ್ಟ್ಯಾಕ್ ಶಾಸ್ತ್ರಿ:
ಗಾಜಿನ ಪೆಟ್ಟಿಗೆಯಾ! ನನ್ನ ಮೇಜಿಗೆ ಬೈದವರು ಈಗ ಎಲ್ಲಿ ಹೋದರು?

ಗೋಲ್ಡನ್ ನೂಲು:
ಐದುಪಟ್ಟು ಅವರೇ, ಗೋಡೆ ಮೇಲಿನ ಫೋಟೋ ಬಂತು, ನವಿಲು ಜೇಡ ಆಯಿತು. ಆ 65 ಈಗ ಸುಮ್ನೆ ಕೂತಿದೆಯಾ? ಮಾರುವುದಾದರೆ ಮೊದಲು ನನಗೆ ಹೇಳಿ. ಫಂಗಸ್ ಇಲ್ಲ ತಾನೇ?

ಐದುಪಟ್ಟು:
ಮಾರಲ್ಲ. ಫಂಗಸ್ ಇಲ್ಲ. ಮುಂದಿನ ಗಾಜಿನ ಅಂಚಿನಲ್ಲಿ ಒಂದು ಗೀರಿದೆ, ಫೋಟೋದಲ್ಲಿ ಕಾಣಲ್ಲ. ಸುಮ್ನೆ ಕೇಳುತ್ತಿದ್ದೇನೆ, ಎಷ್ಟು ಕೊಡುತ್ತೀರಿ?

ಗೋಲ್ಡನ್ ನೂಲು:
ಗೀರಿನ ವಿಡಿಯೋ ಕಳಿಸಿ. ಆಮೇಲೆ ಮಾತಾಡೋಣ.